ತಾರೀಖು ನೋಡಿ ಬೆಲೆ ಇಳಿಸಿದ ನೆಲಮಾಳಿಗೆ

ಅಮೆರಿಕದ ಬಾಸ್ಟನ್ ನಗರದ ‘ಫೈಲೀನ್ಸ್ ಬೇಸ್‌ಮೆಂಟ್’ ಎಂಬ ನೆಲಮಾಳಿಗೆಯ ಬಟ್ಟೆ ಅಂಗಡಿಗೆ ಬರುತ್ತಿದ್ದ ಹಳೆಯ ಗಿರಾಕಿಗಳು ಬಟ್ಟೆಯ ಬೆಲೆಗಿಂತ ಮೊದಲು ತಾರೀಖು ನೋಡುತ್ತಿದ್ದರು. ಆ ಸರಕು ಮಾರಾಟಕ್ಕೆ ಬಂದ ದಿನವನ್ನು ಬೆಲೆಚೀಟಿಯ ಮೇಲೆಯೇ ನಮೂದಿಸಿರುತ್ತಿದ್ದರು. ಮುಂದಿನದೆಲ್ಲ ಆ ತಾರೀಖಿನ ಲೆಕ್ಕ.

ಆರಂಭದ ನಿಯಮ ಹೀಗಿತ್ತು. 12 ದಿನ ಕಳೆದರೂ ಮಾರಾಟವಾಗದಿದ್ದರೆ ಬೆಲೆಯಲ್ಲಿ ಕಾಲು ಭಾಗ ಕಡಿತ, 18 ದಿನವಾದರೆ ಅರ್ಧ, 24 ದಿನವಾದರೆ ಮುಕ್ಕಾಲು. 30 ದಿನವಾದರೂ ಉಳಿದದ್ದು ಧರ್ಮಸಂಸ್ಥೆಗಳಿಗೆ ದಾನ. 10 ಡಾಲರಿನ ಅಂಗಿ ಏಳೂವರೆಗೆ, ಐದಕ್ಕೆ, ಕಡೆಗೆ ಎರಡೂವರೆಗೆ ಇಳಿಯುತ್ತಿತ್ತು. ದಾನಕ್ಕೆ ಹೋಗುವಷ್ಟು ಕಾಲ ಉಳಿಯುತ್ತಿದ್ದದ್ದು ತೀರಾ ಕಡಿಮೆ. ಮಾಲೀಕನ ಮರ್ಜಿ, ಮಾರುವವನ ಮುಖಪರಿಚಯ ಯಾವುದೂ ಇಲ್ಲಿ ನಡೆಯುತ್ತಿರಲಿಲ್ಲ. ಕಾದರೆ ಅಗ್ಗ, ಆದರೆ ಅಷ್ಟರೊಳಗೆ ಬೇರೆಯವರು ಕೊಂಡೊಯ್ದರೆ ಕೈತಪ್ಪಿತು. ಮೆಚ್ಚಿದ ಉಡುಪನ್ನು ಗಂಡಸರ ಬಟ್ಟೆಗಳ ರಾಶಿಯಡಿ ಬಚ್ಚಿಟ್ಟು, ಬೆಲೆ ಇಳಿಯುವ ದಿನ ಬಂದು ಹುಡುಕುವ ಹೆಂಗಸರೂ ಇದ್ದರು.

ಈ ಪದ್ಧತಿಯನ್ನು 1909ರ ಸುಮಾರಿಗೆ ಜಾರಿಗೆ ತಂದವನು ಎಡ್ವರ್ಡ್ ಫೈಲೀನ್. ತಂದೆ ವಿಲಿಯಂ ಯುರೋಪಿನಿಂದ ವಲಸೆ ಬಂದ ಯಹೂದಿ ವ್ಯಾಪಾರಿ. ಅವರು ಕಟ್ಟಿದ ಅಂಗಡಿಯನ್ನು ಎಡ್ವರ್ಡ್ ಮತ್ತು ತಮ್ಮ ಲಿಂಕನ್ ಬೆಳೆಸಿದರು. ಮಾಮೂಲಿ ಸಂಬಳದವರಿಗೂ ಒಳ್ಳೆಯ ಬಟ್ಟೆ ಎಟುಕಬೇಕು ಎಂಬುದು ಎಡ್ವರ್ಡ್‌ನ ನಂಬಿಕೆ. ಮದುವೆಯಾಗದ ಈತ ಲೋಕವೆಲ್ಲ ಸುತ್ತಿದ. 1907ರಲ್ಲಿ ಭಾರತಕ್ಕೂ ಬಂದು, ಬಂಗಾಳದ ಹಳ್ಳಿಗಳಲ್ಲಿ ರೈತರು ಬಡ್ಡಿ ಸಾಹುಕಾರರ ಹಂಗಿಲ್ಲದೆ ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಳ್ಳುವ ಸಹಕಾರ ಸಂಘಗಳನ್ನು ಕಂಡ. 1904ರ ಕಾನೂನಿನಿಂದ ಹುಟ್ಟಿದ ಸಂಘಗಳವು. ಅದೇ ಕಾನೂನಿನಡಿ 1905ರಲ್ಲಿ ನಮ್ಮ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದರು. ಊರಿಗೆ ಮರಳಿದ ಎಡ್ವರ್ಡ್, ಸಹಕಾರಿ ಸಾಲ ಸಂಘಗಳಿಗಾಗಿ 1909ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಮಾಡಿದ ಕಾನೂನಿನ ಬೆನ್ನಿಗೆ ನಿಂತ. ಅಮೆರಿಕದ ಉದ್ದಗಲಕ್ಕೂ ಆ ಚಳವಳಿ ಹಬ್ಬಲು ತನ್ನ ದುಡ್ಡು ಸುರಿದ. ಬಾಸ್ಟನ್ನಿನ ಅಗ್ಗದ ಅಂಗಡಿಯವನು ಸಹಕಾರದ ಪಾಠ ಕಲಿತದ್ದು ನಮ್ಮ ಹಳ್ಳಿಗಳಲ್ಲಿ ಎಂಬುದನ್ನು ನಾವೇ ಮರೆತಿದ್ದೇವೆ.

ಬೇರೆ ಅಂಗಡಿಗಳಲ್ಲಿ ಉಳಿದದ್ದು, ಸೀಸನ್ ಮುಗಿದದ್ದು, ದಿವಾಳಿಯಾದವರ ದಾಸ್ತಾನು ಎಲ್ಲವೂ ಈ ನೆಲಮಾಳಿಗೆಗೆ ಬರುತ್ತಿತ್ತು. ನೀಮನ್ ಮಾರ್ಕಸ್‌ನಂಥ ಶ್ರೀಮಂತರ ಅಂಗಡಿಯ ಉಡುಪುಗಳೂ ಇರುತ್ತಿದ್ದವು. ದಶಕಗಳ ಕಾಲ ಹೆಂಗಸರಿಗೆ ಟ್ರಯಲ್ ರೂಮ್ ಇರಲಿಲ್ಲ, ಸಾಲುಗಳ ನಡುವೆಯೇ ತೊಟ್ಟು ನೋಡುತ್ತಿದ್ದರು. 1947ರಿಂದ ನಡೆದುಬಂದ ಮದುವೆ ಗೌನುಗಳ ಮಾರಾಟದಲ್ಲಂತೂ ಬಾಗಿಲು ತೆರೆದ ಒಂದೆರಡು ನಿಮಿಷಕ್ಕೆ ಸ್ಟ್ಯಾಂಡುಗಳೆಲ್ಲ ಬರಿದು. ತಾಯಿ, ಅಕ್ಕತಂಗಿ, ಗೆಳತಿಯರು ಕೈಗೆ ಸಿಕ್ಕಷ್ಟು ಬಾಚಿಕೊಂಡು, ಆಮೇಲೆ ತಮ್ಮತಮ್ಮಲ್ಲಿ ಅಳತೆ ಕೂಗಿ ಅದಲುಬದಲು ಮಾಡಿಕೊಳ್ಳುತ್ತಿದ್ದರು.

ಮುಂದೆ ಬೇರೆ ಊರುಗಳಲ್ಲಿ ಶಾಖೆಗಳು ತೆರೆದವು, ಆದರೆ ತಾರೀಖಿನ ಪದ್ಧತಿ ಅಲ್ಲಿಗೆ ಹೋಗಲಿಲ್ಲ. ಹೆಸರು ಹಬ್ಬಿತು, ಕಟ್ಟುಪಾಡು ಹಬ್ಬಲಿಲ್ಲ. ಕಟ್ಟಡದ ನವೀಕರಣಕ್ಕೆಂದು 2007ರಲ್ಲಿ ಮುಚ್ಚಿದ ಮೂಲ ನೆಲಮಾಳಿಗೆ ಮತ್ತೆ ತೆರೆಯಲೇ ಇಲ್ಲ. 2011ರಲ್ಲಿ ಕಂಪನಿ ದಿವಾಳಿಯೆದ್ದು ಉಳಿದ ಮಳಿಗೆಗಳೂ ಬಾಗಿಲು ಹಾಕಿದವು.

ಆಷಾಢ ಬಂದರೆ ನಮ್ಮ ಪೇಟೆಗಳ ತುಂಬ ಶೇ 50 ರಿಯಾಯಿತಿಯ ಫಲಕಗಳು. ಯಾವ ಬೆಲೆಯ ಮೇಲೆ ಶೇ 50 ಎಂಬುದು ಮಾತ್ರ ಹೊರಗಿನವರಿಗೆ ತಿಳಿಯುವುದಿಲ್ಲ. ಈ ಸೀರೆ ಅಂಗಡಿಗೆ ಬಂದು ಎಷ್ಟು ದಿನವಾಯಿತು, ಹೋದ ತಿಂಗಳು ಇದರ ಬೆಲೆ ಎಷ್ಟಿತ್ತು ಎಂದು ಕೇಳುವ ರೂಢಿ ಗಿರಾಕಿಗಳಿಗೆ ಬರಬೇಕು. ನಮ್ಮಲ್ಲಿ ಒಬ್ಬ ವ್ಯಾಪಾರಿಯಾದರೂ ಬೆಲೆಯ ಪಕ್ಕದಲ್ಲಿ ತಾರೀಖು ಬರೆಯುವ ಧೈರ್ಯ ಮಾಡಲಿ. ಅಂಥವರ ಅಂಗಡಿಗೆ ಗಿರಾಕಿಗಳ ಕೊರತೆಯಾಗದು.