ಮುಖ್ತ್ಯಾರರಿಂದ ಹೊಲ ಕೊಳ್ಳುವ ಮುನ್ನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಶರಣ ಬಂಧುಗಳೇ, ಪರಊರಲ್ಲಿ ನೆಲೆಸಿದವರ ಹೊಲವನ್ನು ಮುಖ್ತ್ಯಾರರು ಮಾರುವುದುಂಟು. ಮುಖ್ತ್ಯಾರ ಪತ್ರವು ಮಾರುವ ಅಧಿಕಾರವನ್ನು ಕೊಡಬಹುದು, ಒಡೆತನವನ್ನಲ್ಲ. ನೋಂದಾಯಿತ ಕ್ರಯಪತ್ರವಿಲ್ಲದೆ ಹೊಲ ನಮ್ಮದಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಆದ್ದರಿಂದ ಮುಂಗಡ ಕೊಡುವ ಮುನ್ನ ಮೂಲ ಪತ್ರವನ್ನೇ ತರಿಸಿ, ಮಾರುವ ಅಧಿಕಾರ, ಸರ್ವೇ ನಂಬರು, ಚಕ್ಕುಬಂದಿ ಅದರಲ್ಲಿವೆಯೇ ಎಂದು ನೋಡಬೇಕು. ಪತ್ರ ರದ್ದಾಗಿಲ್ಲವಷ್ಟೇ ಎಂದು ಮಾಲೀಕರನ್ನೇ ಕಂಡು ಕೇಳಬೇಕು. ಅವರು ಲಿಂಗೈಕ್ಯರಾಗಿದ್ದರೆ ಸಾಮಾನ್ಯವಾಗಿ ಪತ್ರದ ಬಲವೂ ಮುಗಿದಂತೆಯೇ. ಪಹಣಿ, ಋಣಭಾರ ಪತ್ರ ಪರಿಶೀಲಿಸಿ, ಹೆಣ್ಣುಮಕ್ಕಳ ಪಾಲನ್ನೂ ವಿಚಾರಿಸಬೇಕು. ವಕೀಲರಿಗೂ ಒಮ್ಮೆ ತೋರಿಸುವುದು ಒಳಿತು.

ಬೀಗರೇ ಮುಖ್ತ್ಯಾರರಾಗಿದ್ದರೂ ಕಾಗದ ಕೇಳಲು ಸಂಕೋಚ ಬೇಡ. ಕಾಯಕದಿಂದ ಕೂಡಿಟ್ಟ ಹಣವೂ ಉಳಿಯಬೇಕು, ಬೀಗತನವೂ ಉಳಿಯಬೇಕು ಎಂಬುದೇ ನಮ್ಮ ಹಾರೈಕೆ.