ಹಳೆಯ ಆಟದ ಡಿಸ್ಕುಗಳನ್ನು ಉಳಿಸಿಕೊಳ್ಳುವ ಬಗೆ

ಮಕ್ಕಳು ಬೆಳೆದು ದೊಡ್ಡವರಾದ ಮನೆಗಳಲ್ಲಿ, ಬೀರುವಿನ ಮೂಲೆಯಲ್ಲೆಲ್ಲೋ ಪ್ಲೇಸ್ಟೇಷನ್ ಪೋರ್ಟಬಲ್ ಎಂಬ ಕೈಯಾಟದ ಯಂತ್ರವೊಂದು ಬಿದ್ದಿರುವುದುಂಟು. 2004ರಲ್ಲಿ ಜಪಾನಿನಲ್ಲಿ ಹೊರಬಂದ ಈ ಯಂತ್ರದ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಯಂತ್ರವು ಮುಪ್ಪಾದರೂ ಆಟಗಳು ಹಾಳಾಗಬೇಕಾಗಿಲ್ಲ. ಪಿಪಿಎಸ್‌ಎಸ್‌ಪಿಪಿ ಎಂಬ ಎಮ್ಯುಲೇಟರು, ಎಂದರೆ ಒಂದು ಯಂತ್ರದ ನಡೆಯನ್ನು ಮತ್ತೊಂದರಲ್ಲಿ ಅನುಕರಿಸುವ ತಂತ್ರಾಂಶವು, 2012ರಿಂದ ಉಚಿತವಾಗಿ ದೊರೆಯುತ್ತಿದ್ದು, ಅವೇ ಆಟಗಳನ್ನು ಫೋನಿನಲ್ಲಿಯೂ ಗಣಕದಲ್ಲಿಯೂ ಆಡಿಸಬಲ್ಲುದು. ಆದರೆ ಕಡತಗಳನ್ನು ಸಿದ್ಧಪಡಿಸುವ ಕೆಲಸವನ್ನು ಹಳೆಯ ಯಂತ್ರಕ್ಕೆ ಉಸಿರಿರುವಾಗಲೇ ಮುಗಿಸಿಕೊಳ್ಳಬೇಕು.

ಅದೇಕೆಂದರೆ, ಆಟವಿರುವುದು ಕೇವಲ 6 ಸೆಂಟಿಮೀಟರು ಅಡ್ಡಳತೆಯ ಯುಎಮ್‌ಡಿ ಎಂಬ ಡಿಸ್ಕಿನಲ್ಲಿ. ಗಣಕದ ಡ್ರೈವು ಇದನ್ನು ಓದಲಾರದು. ಆ ಯಂತ್ರವೇ ಓದಬೇಕು. ಮಾರ್ಪಡಿಸಿದ ಫರ್ಮ್‌ವೇರ್ ಹಾಕಿದ ಯಂತ್ರದಲ್ಲಿ ಡಿಸ್ಕನ್ನಿಟ್ಟು, ಸೆಲೆಕ್ಟ್ ಗುಂಡಿಯನ್ನೊತ್ತಿದಾಗ ಬರುವ ಪಟ್ಟಿಯಲ್ಲಿ ಯುಎಸ್‌ಬಿ ಸಾಧನವೆಂಬಲ್ಲಿ ಯುಎಮ್‌ಡಿಯನ್ನು ಆರಿಸಿ, ಗಣಕಕ್ಕೆ ಕೇಬಲ್ಲಿನಿಂದ ಜೋಡಿಸಬೇಕು. ಆಗ ಇಡೀ ಡಿಸ್ಕು ಐಎಸ್‌ಒ ಎಂಬ ಒಂದೇ ಕಡತವಾಗಿ ಕಾಣಿಸುವುದು. ಅದನ್ನು ನಕಲು ಮಾಡಿಕೊಂಡರಾಯಿತು. ಕಡತವು 1.8 ಗಿಗಾಬೈಟಿನವರೆಗೂ ಇರಬಹುದು. ಸ್ಥಳ ಸಾಲದವರು ಅದನ್ನು ಸಿಎಸ್‌ಒ ಎಂಬ ಅಡಕವಾದ ರೂಪಕ್ಕೆ ಪರಿವರ್ತಿಸಬಹುದು. ಹೆಸರಿನ ಬಾಲವನ್ನು ಬದಲಿಸಿದ ಮಾತ್ರಕ್ಕೆ ಕಡತವು ಕುಗ್ಗದೆಂಬುದನ್ನು ನಾವು ಒಂದು ಸಂಜೆಯನ್ನು ಕಳೆದು ಕಲಿತೆವು. ಕೊಳ್ಳದ ಆಟದ ನಕಲನ್ನು ಅಂತರಜಾಲದಿಂದ ಎತ್ತಿಕೊಳ್ಳುವುದು ಮಾತ್ರ ನಮಗೆ ಒಪ್ಪಿಗೆಯಿಲ್ಲ.

ಇಷ್ಟಾದರೆ ಆಟವೇನೋ ಉಳಿಯಿತು, ಆಡಿದ್ದು ಉಳಿಯಲಿಲ್ಲ. ನಾವು ಎಡವಿದ್ದು ಇಲ್ಲಿಯೇ. ನಮ್ಮ ಹುಡುಗನು ಎರಡು ಬೇಸಗೆಯ ರಜೆಗಳಲ್ಲಿ ಆಡಿ ಗಳಿಸಿದ್ದೆಲ್ಲವೂ ಯಂತ್ರದ ಮೆಮೊರಿ ಕಾರ್ಡಿನಲ್ಲಿದ್ದಿತು. ಡಿಸ್ಕು ನಕಲಾಯಿತೆಂಬ ಸಂತೋಷದಲ್ಲಿ ನಾವು ಯಂತ್ರವನ್ನು ಕಾರ್ಡಿನ ಸಮೇತ ಮಾರಿಬಿಟ್ಟೆವು. ಅವನು ಫೋನಿನಲ್ಲಿ ಆಟವನ್ನು ತೆರೆದನು. ಅದು ಮೊದಲ ಹಂತದಿಂದ ಆರಂಭವಾಯಿತು. ಹುಡುಗನು ನಮಗೇನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಾಗಿತ್ತು.

ಕಾರ್ಡಿನಲ್ಲಿ ಪಿಎಸ್‌ಪಿ ಎಂಬ ಫೋಲ್ಡರಿನೊಳಗೆ ಸೇವ್‌ಡೇಟಾ ಎಂಬುದೊಂದಿದೆ. ಅದರಲ್ಲಿರುವುದನ್ನು ಹೆಸರು ಕೆಡಿಸದೆ ಎಮ್ಯುಲೇಟರಿನ ಅದೇ ಹೆಸರಿನ ಫೋಲ್ಡರಿಗೆ ಹಾಕಬೇಕು. ಅಲ್ಲಿನ ಹೆಸರುಗಳು ಡಿಸ್ಕಿನ ಗುರುತಿನಿಂದ ಆರಂಭವಾಗುವುದರಿಂದ, ಅಮೆರಿಕದ ಡಿಸ್ಕಿನಲ್ಲಿ ಆಡಿದ್ದನ್ನು ಯೂರೋಪಿನ ಡಿಸ್ಕಿನ ನಕಲು ಸಾಮಾನ್ಯವಾಗಿ ಗುರುತಿಸದು. ಎಮ್ಯುಲೇಟರಿನಲ್ಲಿ ಸೇವ್ ಸ್ಟೇಟ್ ಎಂಬ ಬೇರೊಂದು ಅನುಕೂಲವಿದೆ. ತಂತ್ರಾಂಶದ ಆವೃತ್ತಿ ಬದಲಾದಾಗ ಅದು ತೆರೆಯದೆ ಹೋಗಬಹುದಾದ್ದರಿಂದ, ಆಟದೊಳಗಿನ ಸೇವ್ ಅನ್ನೇ ನಂಬುವುದು ಲೇಸು.

ನಮ್ಮ ಹುಡುಗನು ಈಗ ಮತ್ತೆ ಮೊದಲಿನಿಂದ ಆಡುತ್ತಿದ್ದಾನೆ. ಭಾನುವಾರದ ಸಂಜೆ ಅವನ ಸೇವ್‌ಡೇಟಾ ಫೋಲ್ಡರನ್ನು ನಕಲು ಮಾಡಿಡುವುದು ನಮ್ಮ ಪಾಲಿನ ಕೆಲಸವಾಗಿದೆ.