ಯಾರನ್ನೂ ಕೇಳದೆ ಒತ್ತುವ ಬಟನ್



ಈಗ ಎಲ್ಲರ ಮನೆಯಲ್ಲೂ ಬಟನ್ ಇದೆ. ಅಂಗಿಯ ಬಟನ್ ಅಲ್ಲ, ಯಂತ್ರದ ಬಟನ್. ಮಿಕ್ಸಿ, ಮೊಬೈಲು, ತೋಟದ ಪಂಪ್‌ಸೆಟ್ಟು, ಎಲ್ಲದಕ್ಕೂ ಬಟನ್ನೇ. ನಮ್ಮ ಮನೆ ಟಿ.ವಿ. ರಿಮೋಟಿನಲ್ಲಿ ಎಣಿಸಿ ನೋಡಿದೆ, 43 ಬಟನ್ ಇವೆ. ನಾವು ದಿನಾ ಒತ್ತುವುದು ಐದೋ ಆರೋ ಅಷ್ಟೆ. ಅಜ್ಜಿ ರಿಮೋಟ್ ಹಿಡಿದರೆ ಸಾಕು, "ತಮಾ, ಎಲ್ಲಿ ಒತ್ತವು?" ಎಂದು ಕೇಳುತ್ತಾಳೆ.

ಆದರೆ ಅಜ್ಜಿ ಒಬ್ಬಳೇ ಹೋಗಿ, ಯಾರನ್ನೂ ಕೇಳದೆ ಒತ್ತಿ ಬರುವ ಬಟನ್ ಒಂದಿದೆ. ಅದು ಮತಯಂತ್ರದ ನೀಲಿ ಬಟನ್. ಅಜ್ಜಿ ಕಲಿತಿದ್ದು ಎರಡನೇ ಇಯತ್ತೆ. 2024ರ ಮೇ 7ರಂದು ನಮ್ಮ ಉತ್ತರ ಕನ್ನಡ ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನ ನಡೆಯಿತಲ್ಲ, ಆಗಲೂ ಒಬ್ಬಳೇ ಒತ್ತಿ ಬಂದಳು. ರಿಮೋಟ್ ಬಗ್ಗೆ ಬೇರೆಯವರನ್ನು ಕೇಳಿದರೆ ನಷ್ಟವಿಲ್ಲ. ಮತ ಹಾಕುವಾಗ ಕೇಳಬೇಕಾಗಿ ಬಂದರೆ ಗುಟ್ಟು ಉಳಿಯುವುದಿಲ್ಲ. ಗುಟ್ಟು ಉಳಿಯದಿದ್ದರೆ ಅದು ಅವಳ ಮತವೇ ಅಲ್ಲ. ಅದಕ್ಕೇ ಈ ಯಂತ್ರ ಎಲ್ಲರಿಗೂ ತಿಳಿಯಲೇಬೇಕು.

ಈ ಯಂತ್ರವನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿ.ಇ.ಎಲ್.) ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಗಳು ತಯಾರಿಸುತ್ತವೆ. ಮೊದಲು ಬಳಸಿದ್ದು 1982ರಲ್ಲಿ, ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ. ಇದರ ಆಕಾರ, ಬಟನ್‌ಗಳ ಜೋಡಣೆಯನ್ನು ರೂಪಿಸಿದವರು ಮುಂಬೈ ಐ.ಐ.ಟಿ.ಯ ಪ್ರಾಧ್ಯಾಪಕರಾದ ಎ. ಜಿ. ರಾವ್ ಮತ್ತು ರವಿ ಪೂವಯ್ಯ. 2004ರ ಲೋಕಸಭೆ ಚುನಾವಣೆಯಲ್ಲಿ ದೇಶದ ಎಲ್ಲಾ ಕ್ಷೇತ್ರಗಳಲ್ಲೂ ಇದೇ ಯಂತ್ರ ಇತ್ತು.

ಇದು ಯಾಕೆ ಸುಲಭ? ನನಗೆ ತಿಳಿದ ಕಾರಣ ಬರೆಯುತ್ತೇನೆ.

1. ಒಂದು ಬಟನ್, ಒಂದೇ ಕೆಲಸ. ಮೊಬೈಲಿನಲ್ಲಿ ಒಂದೇ ಬಟನ್ ಮೆಲ್ಲಗೆ ಒತ್ತಿದರೆ ಒಂದು, ಜಾಸ್ತಿ ಹೊತ್ತು ಒತ್ತಿದರೆ ಇನ್ನೊಂದು ಕೆಲಸ ಮಾಡುತ್ತದೆ. ಇಲ್ಲಿ ಹಾಗಿಲ್ಲ.

2. ಹೆಸರಿನ ಸಾಲಿನಲ್ಲೇ ಬಟನ್. ಅಭ್ಯರ್ಥಿಯ ಹೆಸರು, ಫೋಟೋ, ಚಿಹ್ನೆ, ಅದೇ ಸಾಲಿನ ತುದಿಗೆ ನೀಲಿ ಬಟನ್. ಓದಲು ಬಾರದವರಿಗೆ ಚಿಹ್ನೆ ಇದೆ. 1951–52ರ ಮೊದಲ ಮಹಾಚುನಾವಣೆಯಲ್ಲೂ ಓದು ಬಾರದವರಿಗಾಗಿಯೇ ಚಿಹ್ನೆ ಇಟ್ಟಿದ್ದರು.

3. ಬೇಡದ್ದು ಕಾಣುವುದಿಲ್ಲ. ಒಂದು ಪೆಟ್ಟಿಗೆಯಲ್ಲಿ 16 ಬಟನ್ ಇರುತ್ತವೆ. ಕಡಿಮೆ ಜನ ನಿಂತಿದ್ದರೆ ಉಳಿದ ಬಟನ್‌ಗಳನ್ನು ಮುಚ್ಚಿಬಿಡುತ್ತಾರೆ. ಜಾಸ್ತಿ ಜನ ನಿಂತರೆ ಇನ್ನೊಂದು ಪೆಟ್ಟಿಗೆ ಜೋಡಿಸುತ್ತಾರೆ.

4. ಯಂತ್ರ ಉತ್ತರ ಕೊಡುತ್ತದೆ. ಇದೇ ಮುಖ್ಯ. ಒತ್ತಿದ ಕೂಡಲೇ ಪಕ್ಕದಲ್ಲಿ ಕೆಂಪು ದೀಪ ಹತ್ತುತ್ತದೆ. ಪಕ್ಕದ ಇನ್ನೊಂದು ಯಂತ್ರದ ಗಾಜಿನೊಳಗೆ ಚೀಟಿಯೊಂದು 7 ಸೆಕೆಂಡ್ ಕಾಣುತ್ತದೆ, ಆಮೇಲೆ ಒಳಗೆ ಬೀಳುತ್ತದೆ. ಬೀಪ್ ಎಂದು ಸದ್ದು ಬರುತ್ತದೆ. ಕಣ್ಣಿಗೂ ಗೊತ್ತಾಯಿತು, ಕಿವಿಗೂ ಗೊತ್ತಾಯಿತು. ಉತ್ತರ ಕೊಡದ ಯಂತ್ರವಾದರೆ ನಾವು ಒತ್ತಿದ್ದನ್ನೇ ಮತ್ತೆ ಮತ್ತೆ ಒತ್ತುತ್ತೇವೆ.

5. ಎರಡು ಸಲ ಒತ್ತಿದರೂ ಒಂದೇ ಮತ. ಒಮ್ಮೆ ಒತ್ತಿದ ಮೇಲೆ ಯಂತ್ರ ಬೀಗ ಹಾಕಿದ ಹಾಗೆ. ಅಧಿಕಾರಿಯವರು ತಮ್ಮ ಮುಂದಿರುವ ಪೆಟ್ಟಿಗೆಯ ಬಟನ್ ಒತ್ತಿದರೆ ಮಾತ್ರ ಮುಂದಿನವರಿಗೆ ಹಸಿರು ದೀಪ ಬರುತ್ತದೆ. ಗಡಿಬಿಡಿ ಮಾಡಿದರೂ ಯಂತ್ರ ಕೆಡುವುದಿಲ್ಲ.

6. ಅಪಾಯದ ಬಟನ್ ಮುಚ್ಚಳದ ಒಳಗೆ. ಮತದಾನ ಮುಗಿಸುವ ಬಟನ್, ಫಲಿತಾಂಶದ ಬಟನ್ ಅಧಿಕಾರಿಯವರ ಪೆಟ್ಟಿಗೆಯಲ್ಲಿ ಮುಚ್ಚಳದ ಕೆಳಗೆ ಇವೆ. ಕೈತಪ್ಪಿ ತಾಗುವುದಿಲ್ಲ. ಫಲಿತಾಂಶದ ಬಟನ್‌ಗಂತೂ ಸೀಲನ್ನೇ ಹಾಕಿರುತ್ತಾರೆ.

7. ಕಾಣದವರ ಬೆರಳಿಗೂ ತಿಳಿಯುತ್ತದೆ. ಬಟನ್ ಹತ್ತಿರ ಬ್ರೈಲ್ ಅಂಕಿಗಳಿವೆ. ಬೇಕಾದರೆ ಅವರು ಸಹಾಯಕರನ್ನು ಕರೆದೊಯ್ಯಬಹುದು. ಬ್ರೈಲ್ ಬಲ್ಲವರು ತಾವೇ ಒತ್ತಬಹುದು.

ಇನ್ನೊಂದು ವಿಷಯ, ಈ ಯಂತ್ರ ಬ್ಯಾಟರಿಯಿಂದ ನಡೆಯುತ್ತದೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗಾಳಿ ಬಂದು ಮರ ಬಿದ್ದರೆ ಕರೆಂಟು ಹೋಯಿತೆಂದೇ ಲೆಕ್ಕ. ಕರೆಂಟು ಹೋದರೂ ಮತದಾನ ನಿಲ್ಲುವುದಿಲ್ಲ.

ಒಂದು ಕಷ್ಟವೂ ಇದೆ. ಒಮ್ಮೆ ಒತ್ತಿದರೆ ಮುಗಿಯಿತು, ಬದಲಾಯಿಸಲು ಬರುವುದಿಲ್ಲ. ಹಾಗಾಗಿ ಒತ್ತುವ ಮೊದಲೇ ಸರಿಯಾಗಿ ನೋಡಬೇಕು.

ಈ ಲೆಕ್ಕ ಹಿಡಿದು ನೋಡಿದರೆ ಬೇರೆ ಯಂತ್ರಗಳೂ ಅರ್ಥವಾಗುತ್ತವೆ. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಹಸಿರು ಒತ್ತಿದರೆ ಶುರು, ಕೆಂಪು ಒತ್ತಿದರೆ ಬಂದ್. ಮೋಟಾರು ಗುಂಯ್ ಅನ್ನುವುದೇ ಅದರ ಉತ್ತರ. ಬಟನ್ ಮೊಬೈಲಿನ 5ರ ಮೇಲೆ ಸಣ್ಣ ಉಬ್ಬು ಇರುತ್ತದೆ, ಮುಟ್ಟಿ ನೋಡಿ. ಅದು ಸಿಕ್ಕರೆ ಕತ್ತಲಲ್ಲೂ ಉಳಿದ ಅಂಕಿ ಸಿಗುತ್ತವೆ. ಕಂಪ್ಯೂಟರಿನ ಕೀಲಿಮಣೆಯಲ್ಲೂ ಎಫ್ ಮತ್ತು ಜೆ ಮೇಲೆ ಇಂಥದೇ ಗೀಟು ಇದೆ.

ಈಗ ನಮ್ಮ ತರಗತಿಯ ಸ್ವಿಚ್ ಬೋರ್ಡ್ ನೋಡಿ. ಆರು ಸ್ವಿಚ್ಚು, ಆರೂ ಒಂದೇ ತರ. ಫ್ಯಾನ್ ಬೇಕಾದರೆ ಮೂರು ಸಲ ಲೈಟ್ ಹಾಕಿ ಆರಿಸುತ್ತೇವೆ. ಒಂದನೇ ತರಗತಿಯ ಮಕ್ಕಳಿಗಂತೂ ತಿಳಿಯುವುದೇ ಇಲ್ಲ. ಪ್ರತಿ ಸ್ವಿಚ್ಚಿನ ಮೇಲೆ ದೀಪದ್ದೋ ಫ್ಯಾನಿನದೋ ಚಿತ್ರ ಅಂಟಿಸಿದರೆ ಆಯಿತು. ಎರಡು ಫ್ಯಾನ್ ಇರುವುದರಿಂದ "ಕಿಟಕಿ ಕಡೆ", "ಬಾಗಿಲ ಕಡೆ" ಎಂದು ಬರೆಯಬೇಕು. ಗುರುಗಳು ಒಪ್ಪಿದರೆ, ಮೇನ್ ಸ್ವಿಚ್ ಅವರೇ ಆರಿಸಿಕೊಟ್ಟ ಮೇಲೆ, ಶನಿವಾರ ನಾವು ಅಂಟಿಸುತ್ತೇವೆ.

ಯಂತ್ರ ತಿಳಿಯದಿದ್ದರೆ ನಮ್ಮ ಅಜ್ಜಿ "ನಂಗೆ ಬುದ್ಧಿ ಇಲ್ಲೆ" ಎನ್ನುತ್ತಾಳೆ. ಅದು ಸರಿಯಲ್ಲ. ಅವಳಿಗೆ ಬುದ್ಧಿ ಇದೆ ಎಂದು ಮತಯಂತ್ರ ತೋರಿಸಿದೆ. ತಿಳಿಯದ ಹಾಗೆ ಬಟನ್ ಇಟ್ಟವರೇ ಇನ್ನೊಮ್ಮೆ ಯೋಚಿಸಬೇಕು. ನಮ್ಮಲ್ಲಿ ಯಾರಾದರೂ ದೊಡ್ಡವರಾಗಿ ಯಂತ್ರ ಮಾಡಿದರೆ, ಮೊದಲು ಮನೆಯ ಅಜ್ಜಿಯ ಕೈಗೆ ಕೊಟ್ಟು ಸುಮ್ಮನೆ ನೋಡಿ. ಅವಳು ಕೇಳದೆ ಒತ್ತಿದರೆ ಯಂತ್ರ ಪಾಸು.

– 7ನೇ ತರಗತಿ